ಕಾಡಿನಲ್ಲಿ ಹಕ್ಕಿ ಕೂಗು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಸ್ಪೀಕರ್ ಹಾಕಿ ಕರೆಯುವುದು ಸರಿಯೇ?

ಕಾಳಿದಂಡೆ
ಎಲ್ಲರಿಗೂ ನಮಸ್ಕಾರ. ನಮ್ಮ ತಂಗಿಯನ್ನು ಜೋಯಿಡಾ ಕಡೆ ಕೊಟ್ಟಿದ್ದೇವೆ. ಹಾಗಾಗಿ ದಾಂಡೇಲಿ, ಗಣೇಶಗುಡಿ ಸುತ್ತ ಆಗಾಗ ಓಡಾಟ ಇರುತ್ತದೆ. ಅಲ್ಲಿನ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲಿನ ಅಂಚಿನ ರಸ್ತೆಯಲ್ಲಿ ಬೆಳಿಗ್ಗೆ ನಡೆಯುವುದೆಂದರೆ ನನಗೆ ತುಂಬಾ ಇಷ್ಟ.

ಇಷ್ಟು ದಿನ ನೋಡಿದ್ದೆಲ್ಲ ಕೆರೆ ಹಕ್ಕಿಗಳನ್ನೇ. ಅಲ್ಲಿ ಏನಿದ್ದರೂ ಬಯಲಿನಲ್ಲೇ ಇರುತ್ತದೆ. ಕಾಡಿನಲ್ಲಿ ನಾಲ್ಕೂ ಕಡೆಯಿಂದ ಕೂಗು, ಆದರೆ ಕಣ್ಣಿಗೆ ಬೀಳುವುದು ಎಲೆ ಮಾತ್ರ. ಕತ್ತು ನೋಯುತ್ತದೆ, ಹಕ್ಕಿ ಸಿಗುವುದಿಲ್ಲ.

ಈ ಸಲ ಒಂದು ಗುಂಪಿನ ಜೊತೆ ಹೋಗಿದ್ದೆ. ಅವರು ಮೊಬೈಲಿಗೆ ಸ್ಪೀಕರ್ ಜೋಡಿಸಿ ಹಕ್ಕಿಯ ಕೂಗನ್ನು ಮತ್ತೆ ಮತ್ತೆ ಹಾಕಿದರು. ಸ್ವಲ್ಪ ಹೊತ್ತಿಗೆ ಹಕ್ಕಿ ಬಂತು, ಎಲ್ಲರೂ ಫೋಟೋ ತೆಗೆದರು. ಅದು ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಯಾರನ್ನೋ ಹುಡುಕುತ್ತಿತ್ತು. ನೋಡಿ ನನಗೆ ಕಸಿವಿಸಿ ಆಯಿತು. ಇದು ಸರಿಯೇ? ಸ್ಪೀಕರ್ ಇಲ್ಲದೆ ಕಾಡುಹಕ್ಕಿ ನೋಡುವುದು ಹೇಗೆ? ಬೈನಾಕ್ಯುಲರ್ ಯಾವುದು ಒಳ್ಳೆಯದು ಅನ್ನುವುದನ್ನೂ ಹೇಳಿ.

ಮುಂಜಾವು
ಬೇಗ ಹೋಗಿ, ಒಂದೇ ಕಡೆ ಕುಳಿತುಕೊಳ್ಳಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಲೆನ್ಸ್‌ಗಣ್ಣು
ಒಂದು ನಿಮಿಷ ಕೂಗು ಹಾಕಿದರೆ ಯಾವ ಹಕ್ಕಿಯೂ ಸಾಯುವುದಿಲ್ಲ ಮೇಡಂ. ಬೇರೆ ಹಕ್ಕಿ ದಿನಾ ಬಂದು ಎದುರಿಗೇ ಕೂಗುತ್ತದೆ ಅಲ್ವಾ? ಸುಮ್ನೆ ದೊಡ್ಡದು ಮಾಡಬೇಡಿ.

ಹಕ್ಕಿಕಿವಿ
ಸ್ಪೀಕರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನೋಡುವುದು ಹೇಗೆ ಅನ್ನುವುದನ್ನು ಹೇಳಿಬಿಡುತ್ತೇನೆ.

ಕೆರೆಯಲ್ಲಿ ಕಣ್ಣು ಮೊದಲು, ಕಾಡಿನಲ್ಲಿ ಕಿವಿ ಮೊದಲು. ಎಲ್ಲ ಕೂಗುಗಳನ್ನೂ ಒಟ್ಟಿಗೆ ಕಲಿಯಲು ಹೋದರೆ ತಲೆ ಕೆಡುತ್ತದೆ. ಇಡೀ ದಿನ ಕೇಳುವ ನಾಲ್ಕೈದನ್ನು ಮೊದಲು ಗುರುತು ಮಾಡಿಕೊಳ್ಳಿ. 'ಕುಟ್ರು ಕುಟ್ರು' ಅಂತ ಬಿಡದೆ ಕೂಗುವುದು ಬಿಳಿಕೆನ್ನೆಯ ಕುಟ್ರ ಹಕ್ಕಿ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮೇಲಿನ ಎಲೆಗಳಲ್ಲಿ ಚುಟುಕಾಗಿ 'ಚಿಸ್ಲಿ' ಅನ್ನುವುದು ಹಸಿರು ಉಲಿಯಕ್ಕಿ. ಚಳಿಗಾಲಕ್ಕೆ ಉತ್ತರದಿಂದ ಬರುವ ಪುಟ್ಟ ಹಕ್ಕಿ ಅದು. ಯಾರೋ ಒರಟಾಗಿ ನಕ್ಕ ಹಾಗೆ ಕೇಳಿದರೆ ಮಲಬಾರ್ ಬೂದು ಮಂಗಟ್ಟೆ (ಮಂಗಟ್ಟೆ ಅಂದರೆ ಹಾರ್ನ್‌ಬಿಲ್). ಇಷ್ಟು ಗೊತ್ತಾದರೆ ಉಳಿದ ಕೂಗು ತಾನಾಗಿ ಬೇರೆಯಾಗಿ ಕೇಳಿಸುತ್ತದೆ. ಹೊಸ ಕೂಗು ಬಂದ ಕಡೆ ಮಾತ್ರ ಹುಡುಕಿದರೆ ಸಾಕು.

ಎರಡನೆಯದು, ಹಣ್ಣು ಬಿಟ್ಟ ಮರ. ಆಲ, ಅತ್ತಿ, ಬಸರಿ, ಗೋಳಿ, ಯಾವುದಾದರೂ ಸರಿ. ಈ ಜಾತಿಯ ಮರಗಳೆಲ್ಲ ಒಂದೇ ಸಲ ಹಣ್ಣು ಬಿಡುವುದಿಲ್ಲ. ಒಂದು ಮುಗಿಯುವಾಗ ಇನ್ನೆಲ್ಲೋ ಇನ್ನೊಂದು ಶುರುವಾಗಿರುತ್ತದೆ. ಬೇರೆ ಹಣ್ಣು ಇಲ್ಲದ ದಿನಗಳಲ್ಲೂ ಹಕ್ಕಿಗಳ ಹೊಟ್ಟೆ ತುಂಬುವುದು ಇದರಿಂದಲೇ. ಅಂಥ ಮರ ಸಿಕ್ಕರೆ ಸೂರ್ಯನಿಗೆ ಬೆನ್ನು ಹಾಕಿ, ಸ್ವಲ್ಪ ದೂರದಲ್ಲಿ ಕುಳಿತುಬಿಡಿ. ಕುಟ್ರ, ಪಿಕಳಾರ, ಹಸಿರು ಪಾರಿವಾಳ, ಹೊನ್ನಕ್ಕಿ, ಅದೃಷ್ಟ ಇದ್ದರೆ ಮಂಗಟ್ಟೆ, ಎಲ್ಲವೂ ಅಲ್ಲಿಗೇ ಬರುತ್ತವೆ. ನೀವು ಎಲ್ಲಿಗೂ ಹೋಗಬೇಕಿಲ್ಲ.

ಮೂರನೆಯದು, ಗುಂಪು. ಕಾಡು ಅರ್ಧ ಗಂಟೆ ಖಾಲಿ ಖಾಲಿ ಅನಿಸುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಹತ್ತಾರು ಹಕ್ಕಿ ಒಟ್ಟಿಗೆ ಬರುತ್ತವೆ. ಬೇರೆ ಬೇರೆ ಜಾತಿಯವು ಸೇರಿಕೊಂಡು ಹುಳ ಹುಡುಕುತ್ತಾ ಸಾಗುವ ಗುಂಪು ಅದು. ಒಂದು ತೊಗಟೆ ಕೆದಕುತ್ತದೆ, ಇನ್ನೊಂದು ಎಲೆ ಅಡಿ ನೋಡುತ್ತದೆ, ಗಾಬರಿಯಾಗಿ ಹಾರಿದ ಹುಳವನ್ನು ಭೀಮರಾಜ ಅನ್ನುವ ಉದ್ದ ಬಾಲದ ಕರಿ ಹಕ್ಕಿ ಗಾಳಿಯಲ್ಲೇ ಹಿಡಿಯುತ್ತದೆ. ಭೀಮರಾಜನ ದನಿ ಹತ್ತಿರ ಕೇಳಿದರೆ ಅಲ್ಲೇ ನಿಲ್ಲಿ, ಗುಂಪು ಹಿಂದೆಯೇ ಬರುತ್ತಿರುತ್ತದೆ.

ಬಯಲುಸೀಮೆ ಹುಡುಗ
@ಹಕ್ಕಿಕಿವಿ ಭೀಮರಾಜನನ್ನು ನಂಬಬಹುದಾ ಸರ್? ಅದು ಬೇರೆ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸುತ್ತದೆ ಅಂತಾರೆ.

ಹಕ್ಕಿಕಿವಿ
@ಬಯಲುಸೀಮೆ ಹುಡುಗ ಹೌದು, ಗಿಡುಗದ ಕೂಗನ್ನೂ ಚೆನ್ನಾಗಿ ಹಾಕುತ್ತದೆ. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮೊಬೈಲಿನ ಮರ್ಲಿನ್ ಆಪ್ ಕೂಡ ಅಲ್ಲಿ ಎಡವುತ್ತದೆ. ಆಪ್ ಏನು ತೋರಿಸಿದರೂ ಕಣ್ಣಲ್ಲಿ ನೋಡದೆ ಪಟ್ಟಿಗೆ ಬರೆದುಕೊಳ್ಳಬೇಡಿ.

ಮುಂಜಾವು
ಬೇಗ ಹೋಗಿ ಅಂದಿದ್ದೆನಲ್ಲ, ಅದಕ್ಕೆ ಒಂದು ತಿದ್ದುಪಡಿ. ಡಿಸೆಂಬರ್, ಜನವರಿಯಲ್ಲಿ ಮಂಜು ಇದ್ದಾಗ ಕಾಡಿನೊಳಗೆ ಆರು ಗಂಟೆಗೆ ಏನೂ ಕಾಣುವುದಿಲ್ಲ. ಮರದ ತುದಿಗೆ ಬಿಸಿಲು ಬಿದ್ದ ಮೇಲೆ ಹುಳ ಏಳುತ್ತವೆ, ಆಮೇಲೆ ಹಕ್ಕಿ. ಒಂಬತ್ತರವರೆಗೂ ಒಳ್ಳೆಯ ಹೊತ್ತು. ಕಾಡಿನ ನಡುವಿಗಿಂತ ಅಂಚು ವಾಸಿ. ರಸ್ತೆ, ಹಳ್ಳ, ಗದ್ದೆ ಕಾಡಿಗೆ ತಾಗುವ ಜಾಗಗಳಲ್ಲಿ ಬೆಳಕೂ ಇರುತ್ತದೆ, ಹಕ್ಕಿಯೂ ಜಾಸ್ತಿ.

ಗುಬ್ಬಿಗೂಡು
ಬೈನಾಕ್ಯುಲರ್ 8x42 ತೆಗೆದುಕೊಳ್ಳಿ ಅಕ್ಕ. ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ಲೆನ್ಸ್‌ಗಣ್ಣು
10x42 ಉತ್ತಮ. ಮರದ ತುದಿಯಲ್ಲಿ ಕುಳಿತ ಹಕ್ಕಿಗೆ 8 ಸಾಲುವುದಿಲ್ಲ.

ಗುಬ್ಬಿಗೂಡು
@ಲೆನ್ಸ್‌ಗಣ್ಣು ಕೆರೆಗೆ 10 ಸರಿ, ಒಪ್ಪುತ್ತೇನೆ. ಕಾಡಿಗೆ ಅಲ್ಲ. 8, 10 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಮುಂದಿನ ಗಾಜಿನ ಅಳತೆ 42 ಮಿಲಿಮೀಟರ್. ಅದನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿಲಿಮೀಟರ್, 10ರಿಂದ ಭಾಗಿಸಿದರೆ 4.2. ಮರದಡಿ ನಸುಗತ್ತಲಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಜೊತೆಗೆ 10ರಲ್ಲಿ ಕೈನಡುಕ ಜಾಸ್ತಿ ಕಾಣುತ್ತದೆ, ನೋಟದ ಅಗಲ ಕಡಿಮೆ. ಎಲೆಗಳ ನಡುವೆ ಕುಪ್ಪಳಿಸುವ ಹಕ್ಕಿಯನ್ನು ಅಷ್ಟು ಕಿರಿದಾದ ನೋಟದಲ್ಲಿ ಹಿಡಿಯುವುದು ಕಷ್ಟ.

ಇನ್ನೊಂದು ವಿಷಯ ಅಕ್ಕ. ಹಕ್ಕಿ ಕಂಡರೆ ಅದರ ಮೇಲಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಕೆಳಗೆ ನೋಡಿ, ಬೈನಾಕ್ಯುಲರ್ ಎತ್ತಿ, ಮತ್ತೆ ಹುಡುಕಿದರೆ ಹಕ್ಕಿ ಹೋಗಿರುತ್ತದೆ.

ಕಾಳಿದಂಡೆ
ಎಲ್ಲರಿಗೂ ಧನ್ಯವಾದ. ಒಂದು ಸಣ್ಣ ಪ್ರಶ್ನೆ. ತಂಗಿ ಮನೆ ಹಿಂದೆ ಒಂದು ಹಳದಿ ಹಕ್ಕಿ ನೋಡಿದೆ. ತಲೆ ಪೂರ್ತಿ ಕಪ್ಪು. ಹೊನ್ನಕ್ಕಿಯಾ?

ಬಯಲುಸೀಮೆ ಹುಡುಗ
ಕಪ್ಪು ತಲೆಯ ಹೊನ್ನಕ್ಕಿ. ಖಚಿತ.

ಹಕ್ಕಿಕಿವಿ
ಅಷ್ಟು ಬೇಗ ಖಚಿತ ಅನ್ನಬೇಡಿ. ಕೊಕ್ಕಿನ ಬಣ್ಣ ಏನು ಮೇಡಂ? ಗಾತ್ರ ಮೈನಾದಷ್ಟಾ, ಪಿಕಳಾರದಷ್ಟಾ?

ಕಾಳಿದಂಡೆ
ಪಿಕಳಾರದಷ್ಟೇ. ಕೊಕ್ಕು ಕಪ್ಪು. ಕಣ್ಣು ತಿಳಿ ಬಣ್ಣದ್ದು, ಎದ್ದು ಕಾಣುತ್ತಿತ್ತು. ಗಂಟಲ ಹತ್ತಿರ ಕೆಂಪು ಇದ್ದ ಹಾಗಿತ್ತು.

ಹಕ್ಕಿಕಿವಿ
ಹಾಗಾದರೆ ಅದು ಕೆಂಪು ಗಂಟಲಿನ ಹಳದಿ ಪಿಕಳಾರ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಪಕ್ಕದ ಗೋವಾದ ರಾಜ್ಯಪಕ್ಷಿಯೂ ಅದೇ. ಹೊನ್ನಕ್ಕಿಯಾಗಿದ್ದರೆ ಕೊಕ್ಕು ಕೆಂಪಗಿರುತ್ತಿತ್ತು. ಮನೆ ಹಿಂದೆಯೇ ಸಿಕ್ಕಿದೆ ಅಂದರೆ ನಿಮ್ಮ ತಂಗಿ ಪುಣ್ಯವಂತೆ.

ಗೈಡ್ ಜೋಯಿಡಾ
ನಾನು ಇದೇ ಊರಿನವನು, ಹಕ್ಕಿ ತೋರಿಸುವುದೇ ಕೆಲಸ. ಸ್ಪೀಕರ್ ಬಗ್ಗೆ ನೇರವಾಗಿ ಹೇಳುತ್ತೇನೆ.

ಗಂಡು ಹಕ್ಕಿ ಕೂಗುವುದು ನಮ್ಮ ಖುಷಿಗಲ್ಲ. 'ಈ ಜಾಗ ನನ್ನದು' ಅಂತ ಹೇಳುವುದಕ್ಕೆ. ಸ್ಪೀಕರಿನಲ್ಲಿ ಅದೇ ಜಾತಿಯ ಕೂಗು ಜೋರಾಗಿ ಕೇಳಿದರೆ ಯಾರೋ ಗಟ್ಟಿಯವನು ಒಳಗೆ ನುಗ್ಗಿದ್ದಾನೆ ಅಂತ ಅದು ತಿಳಿಯುತ್ತದೆ. ತಿನ್ನುವುದು ಬಿಟ್ಟು, ಗೂಡು ಬಿಟ್ಟು, ಜಗಳಕ್ಕೆ ಬರುತ್ತದೆ. ಎದುರಾಳಿ ಸಿಗುವುದಿಲ್ಲ, ಆದರೆ ಕೂಗು ನಿಲ್ಲುವುದೂ ಇಲ್ಲ. ಬಯಲಿಗೆ ಬಂದು ಕೂತ ಹಕ್ಕಿಯನ್ನು ಗಿಡುಗವೂ ನೋಡುತ್ತಿರುತ್ತದೆ.

'ಒಂದು ನಿಮಿಷ' ಅಂತ ಒಬ್ಬರು ಬರೆದಿದ್ದಾರೆ. ಬಂದವರಿಗೆ ಅದು ಒಂದು ನಿಮಿಷ ಸರ್. ಅದೇ ತಿರುವಿನಲ್ಲಿ, ಅದೇ ಹಕ್ಕಿಗೆ, ರಜೆ ದಿನ ಒಂದರ ಹಿಂದೆ ಒಂದು ಗಾಡಿ ಬಂದು ನಿಲ್ಲುತ್ತದೆ. ಎಲ್ಲರದ್ದೂ ಒಂದೊಂದು ನಿಮಿಷ. ಆ ಲೆಕ್ಕ ಹಕ್ಕಿಗೆ ಮಾತ್ರ ಗೊತ್ತು.

ನಾನು ಸ್ಪೀಕರ್ ಒಯ್ಯುವುದಿಲ್ಲ. ಕೇಳಿದ ಅತಿಥಿಗಳಿಗೆ ಇದನ್ನೇ ಹೇಳುತ್ತೇನೆ. ಕೆಲವರು ಬೇಸರ ಮಾಡಿಕೊಳ್ಳುತ್ತಾರೆ, ಹೆಚ್ಚಿನವರಿಗೆ ಅರ್ಥವಾಗುತ್ತದೆ.

ಕಾಳಿದಂಡೆ
@ಗೈಡ್ ಜೋಯಿಡಾ ಅಣ್ಣ, ನನಗೆ ಕಸಿವಿಸಿ ಆಗಿದ್ದು ಇದಕ್ಕೇ. ಆಗ ಮಾತಿನಲ್ಲಿ ಹೇಳಲು ಬರಲಿಲ್ಲ.

ಲೆನ್ಸ್‌ಗಣ್ಣು
ವಿಜ್ಞಾನಿಗಳೂ ಕೂಗು ಹಾಕಿಯೇ ಗೂಬೆಗಳ ಗಣತಿ ಮಾಡುತ್ತಾರಲ್ಲ? ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವಾ? ಇನ್ನೊಂದು ಮಾತು. ಕೂಗು ಹಾಕದಿದ್ದರೆ ಜನ ಫೋಟೋಗೋಸ್ಕರ ದಾರಿ ಬಿಟ್ಟು ಪೊದೆಯೊಳಗೆ ನುಗ್ಗುತ್ತಾರೆ. ಅದರಿಂದ ಆಗುವ ಹಾನಿ ಇನ್ನೂ ಜಾಸ್ತಿ. ಹಕ್ಕಿಯನ್ನು ಒಮ್ಮೆ ದಾರಿಗೆ ಕರೆಸಿ, ಫೋಟೋ ತೆಗೆದು, ಹೊರಟುಬಿಡುವುದು ವಾಸಿ ಅಂತ ನನ್ನ ಅಭಿಪ್ರಾಯ. ಆ ಫೋಟೋ ನೋಡಿಯೇ ಎಷ್ಟೋ ಜನರಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟಿದೆ. ಅದನ್ನೂ ಮರೆಯಬಾರದು.

ಹಕ್ಕಿಕಿವಿ
@ಲೆನ್ಸ್‌ಗಣ್ಣು ಗಣತಿ ಮಾಡುವವರು ಅನುಮತಿ ಪಡೆದು, ಅಳತೆ ಮಾಡಿದಷ್ಟು ಹೊತ್ತು ಕೂಗು ಹಾಕಿ, ಮುಂದಿನ ಜಾಗಕ್ಕೆ ಹೋಗುತ್ತಾರೆ. ಅದೇ ಮರದಡಿ ಪ್ರತಿ ವಾರ ಬರುವುದಿಲ್ಲ. ಅವರಿಗೆ ಬೇಕಿರುವುದು 'ಇದೆಯೋ ಇಲ್ಲವೋ' ಅನ್ನುವ ಉತ್ತರ. ನಮಗೆ ಬೇಕಿರುವುದು ಇನ್ನೊಂದು ಫೋಟೋ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಆಗುವುದಿಲ್ಲ.

ಪೊದೆಗೆ ನುಗ್ಗುವವರನ್ನು ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ತಪ್ಪನ್ನು ತಡೆಯಲು ಇನ್ನೊಂದು ತಪ್ಪು ಏಕೆ ಬೇಕು? ಫೋಟೋ ಪ್ರೀತಿ ಹುಟ್ಟಿಸುತ್ತದೆ ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ನಿಮ್ಮ ಚಿತ್ರಗಳನ್ನು ನೋಡಿದ್ದೇನೆ, ಚೆನ್ನಾಗಿವೆ.

ಲೆನ್ಸ್‌ಗಣ್ಣು
ಗೂಡು ಕಟ್ಟುವ ಕಾಲದಲ್ಲಿ ಕೂಗು ಹಾಕಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಉಳಿದ ಕಾಲದಲ್ಲಿ ಮಿತವಾಗಿ ಹಾಕಬಹುದು ಅನ್ನುವ ಮಾತಿನಿಂದ ಹಿಂದೆ ಸರಿಯುವುದಿಲ್ಲ.

ಮುಂಜಾವು
ಮಿತ ಅಂದರೆ ಎಷ್ಟು ಅಂತ ಯಾರು ನಿರ್ಧರಿಸುವುದು?

ಕಾನೂನು ಓದು
ಕಾನೂನು ಏನು ಹೇಳುತ್ತದೆ ಅಂತ ಯಾರೂ ಬರೆಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನುವುದರ ವ್ಯಾಖ್ಯೆ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲ, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಅದರೊಳಗೆ ಬರುತ್ತದೆ. ಕಾಡುಪ್ರಾಣಿಗೆ ಆಮಿಷ ಒಡ್ಡುವುದೂ ಬರುತ್ತದೆ. ಗೂಡಿನ ಹತ್ತಿರ ಗಲಾಟೆ ಮಾಡುವವರು ಇದನ್ನು ತಿಳಿದಿರಲಿ.

ಬಯಲುಸೀಮೆ ಹುಡುಗ
ಅಭಯಾರಣ್ಯ ಅಂದಮೇಲೆ ಒಳಗೆ ಯಾರನ್ನೂ ಬಿಡಲೇಬಾರದು ಅಲ್ವಾ? ಊರಿನವರನ್ನೂ ಸೇರಿಸಿ.

ಕಾನೂನು ಓದು
@ಬಯಲುಸೀಮೆ ಹುಡುಗ ಇದು ಅಭಯಾರಣ್ಯ ಅಲ್ಲ, ಸಂರಕ್ಷಣಾ ಮೀಸಲು. 2002ರ ತಿದ್ದುಪಡಿಯಲ್ಲಿ ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಅಂತ ಎರಡು ಹೊಸ ಬಗೆ ಬಂದವು. ಮೊದಲನೆಯದು ಸರ್ಕಾರಿ ಜಾಗದಲ್ಲಿ. ಸುತ್ತಲಿನ ಜನರ ಜೊತೆ ಮಾತಾಡಿ ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳೂ ಇರಬೇಕು. ಎರಡನೆಯದು ಜನ ತಾವಾಗಿ ಮುಂದೆ ಬಂದಾಗ ಅವರದ್ದೇ ಜಾಗದಲ್ಲಿ ಆಗುವಂಥದ್ದು, ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿನ ಹಾಗೆ. ದಾಂಡೇಲಿಯ ಹಾರ್ನ್‌ಬಿಲ್ ಮೀಸಲು ಘೋಷಣೆ ಆಗಿದ್ದು 2011ರಲ್ಲಿ, ವಿಸ್ತೀರ್ಣ ಸುಮಾರು 52.5 ಚದರ ಕಿಲೋಮೀಟರ್.

ಹಾಗಂತ ಎಲ್ಲೆಂದರಲ್ಲಿ ನುಗ್ಗಬಹುದು ಅಂತಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ತಪ್ಪು. ಸಾರ್ವಜನಿಕ ರಸ್ತೆ ಬಿಟ್ಟು ಒಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ.

ಅಡಿಕೆತೋಟ
ಊರಿನವರನ್ನು ಹೊರಗಿಡಬೇಕು ಅನ್ನುವವರಿಗೆ ಒಂದು ಮಾತು. ಘಟ್ಟದ ಮೇಲೆ ತೋಟದ ಹಿಂದೆ ಸೊಪ್ಪಿನ ಬೆಟ್ಟ ಇರುತ್ತದೆ. ನಾವು ಸೊಪ್ಪು, ದರಗು (ಒಣಗಿ ಉದುರಿದ ಎಲೆ) ತರುವುದು ಅಲ್ಲಿಂದ. ಬೆಟ್ಟ ಚೆನ್ನಾಗಿ ಇಟ್ಟುಕೊಂಡವರ ತೋಟದಲ್ಲಿ ಬೆಳಿಗ್ಗೆ ಕುಳಿತು ನೋಡಿ. ಮಡಿವಾಳ, ಹರಟೆಮಲ್ಲ, ಭೀಮರಾಜ, ಮರಕುಟಿಗ, ಸೂರಕ್ಕಿ, ಎಲ್ಲ ಇವೆ. ಬೆಟ್ಟ ಬೋಳಾದ ಕಡೆ ಏನೂ ಇಲ್ಲ. ಕಾಡುಹಕ್ಕಿ ಗೆರೆ ನೋಡಿಕೊಂಡು ಬದುಕುವುದಿಲ್ಲ.

ದೊಡ್ಡ ಮರ ಒಣಗಿದರೆ ಕೂಡಲೇ ಕಡಿಯುವ ರೂಢಿ ಇದೆಯಲ್ಲ, ಅದು ನಿಲ್ಲಬೇಕು. ಮನೆ ಮೇಲೆ, ದಾರಿ ಮೇಲೆ ಬೀಳುವಂಥದ್ದಾದರೆ ಸರಿ. ಬೆಟ್ಟದ ನಡುವೆ ನಿಂತ ಒಣಮರ ಯಾರಿಗೆ ತೊಂದರೆ? ಮರಕುಟಿಗ, ಕುಟ್ರ ಅದರಲ್ಲಿ ಪೊಟರೆ ಕೊರೆಯುತ್ತವೆ. ಅವು ಬಿಟ್ಟುಹೋದ ಮೇಲೆ ಮೈನಾ, ಗಿಳಿ, ಸಣ್ಣ ಗೂಬೆ ಅಲ್ಲೇ ಸಂಸಾರ ಹೂಡುತ್ತವೆ.

ಶಾಲೆಮೇಷ್ಟ್ರು
@ಅಡಿಕೆತೋಟ ನಿಜ. ಮಂಗಟ್ಟೆಗೂ ಪೊಟರೆ ಬೇಕು, ಆದರೆ ಅದಕ್ಕೆ ಕೊರೆಯಲು ಬರುವುದಿಲ್ಲ. ಕೊಂಬೆ ಮುರಿದು, ಕೊಳೆತು, ವರ್ಷಗಟ್ಟಲೆ ಆದ ಮೇಲೆ ಹಳೆಯ ದೊಡ್ಡ ಮರದಲ್ಲಿ ತಾನಾಗಿ ಆದ ಪೊಟರೆಯೇ ಆಗಬೇಕು. ದೊಡ್ಡ ಮಂಗಟ್ಟೆ ಒಂದು ಮೀಟರ್ ಉದ್ದದ ಹಕ್ಕಿ. ಅದು ಹಿಡಿಸುವ ಪೊಟರೆ ಎಳೆಯ ಮರದಲ್ಲಿ ಎಲ್ಲಿಂದ ಬರಬೇಕು?

ಮಕ್ಕಳಿಗೆ ಈ ಪಾಠ ಹೇಳುವಾಗ ತರಗತಿ ಪೂರ್ತಿ ಮೌನವಾಗುತ್ತದೆ. ಹೆಣ್ಣು ಪೊಟರೆಯೊಳಗೆ ಹೋಗಿ ಬಾಯಿಯನ್ನು ತನ್ನ ಹಿಕ್ಕೆ, ಹಣ್ಣಿನ ತಿರುಳಿನಿಂದ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗೇ ಮೊಟ್ಟೆ ಇಟ್ಟು, ರೆಕ್ಕೆ ಬಾಲದ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ. ಅಷ್ಟೂ ದಿನ ಗಂಡು ಹೊರಗಿನಿಂದ ಹಣ್ಣು ತಂದು, ಗಂಟಲಿನಿಂದ ಒಂದೊಂದಾಗಿ ತೆಗೆದು ಆ ಸೀಳಿನಲ್ಲಿ ಕೊಡುತ್ತದೆ. ದೊಡ್ಡ ಮಂಗಟ್ಟೆಯಲ್ಲಿ ತಾಯಿ ಮರಿಗಿಂತ ಮೊದಲೇ ಹೊರಬರುತ್ತದೆ. ಆಮೇಲೆ ಮರಿ ಒಳಗಿನಿಂದ ಬಾಯಿಯನ್ನು ಮತ್ತೆ ಮುಚ್ಚಿಕೊಳ್ಳುತ್ತದೆ. ಯಾರು ಕಲಿಸಿದರೋ!

ಗುಬ್ಬಿಗೂಡು
ಗಂಡಿಗೆ ಏನಾದರೂ ಆದರೆ?

ಗೈಡ್ ಜೋಯಿಡಾ
ಅದಕ್ಕೇ ಗೂಡಿನ ಮರದ ಹತ್ತಿರ ಹೋಗಬೇಡಿ ಅಂತ ಬೇಡಿಕೊಳ್ಳುವುದು. ಗಂಡು ಬಾಯಿ ತುಂಬ ಹಣ್ಣು ತಂದು ದೂರದ ಮರದಲ್ಲಿ ಕೂರುತ್ತದೆ. ಕೆಳಗೆ ಜನ ಕಂಡರೆ ಗೂಡಿಗೆ ಬರುವುದಿಲ್ಲ. ನಾವು ನಿಂತಷ್ಟು ಹೊತ್ತು ಒಳಗಿರುವವರಿಗೆ ಊಟ ಇಲ್ಲ. ಜನವರಿಯ ಕೊನೆಯಿಂದ ಮೇವರೆಗೆ ಈ ಎಚ್ಚರ ಬೇಕು. ಮಂಗಟ್ಟೆ ನೋಡಬೇಕಾದರೆ ಹಣ್ಣಿನ ಮರದಲ್ಲಿ ನೋಡಿ, ಗೂಡಿನಲ್ಲಿ ಬೇಡ.

ಗೂಡಿನ ಜಾಗವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಫೋಟೋದ ಜೊತೆ ಲೊಕೇಶನ್ ಕೂಡ ಹೋಗುತ್ತದೆ, ಅದನ್ನು ಆಫ್ ಮಾಡಿಡಿ.

ಬಯಲುಸೀಮೆ ಹುಡುಗ
ನೋಡಿದ ಹಕ್ಕಿಗಳ ಪಟ್ಟಿ ಹಾಕುವ ಇಬರ್ಡ್ ಜಾಲತಾಣದಲ್ಲಿ ಹಾಕಿದರೂ ತೊಂದರೆಯಾ?

ಹಕ್ಕಿಕಿವಿ
ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಇಬರ್ಡ್ ತಾನೇ ಮರೆಮಾಡುತ್ತದೆ. ಎಲ್ಲ ಹಕ್ಕಿಗಳಿಗೂ ಆ ರಕ್ಷಣೆ ಇಲ್ಲ. ಪಟ್ಟಿ ಹಾಕಿ, ಅದು ಬಹಳ ಉಪಯೋಗ. ಗೂಡಿನ ವಿವರ ಬರೆಯಬೇಡಿ, ಅಷ್ಟೇ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ನಮ್ಮ ಹಳ್ಳಿಗಳಿಂದ ಪಟ್ಟಿ ಬರಬೇಕು. ಹದಿನೈದು ನಿಮಿಷ ನೋಡಿದರೂ ಸಾಕು.

ಗುಬ್ಬಿಗೂಡು
ಮಂಗಟ್ಟೆಯಲ್ಲಿ ಎಷ್ಟು ಬಗೆ ಅಲ್ಲಿ ಸಿಗುತ್ತವೆ? ಒಂದೇ ನೋಟಕ್ಕೆ ಗುರುತಿಸುವುದು ಹೇಗೆ?

ಗೈಡ್ ಜೋಯಿಡಾ
ದಾಂಡೇಲಿ ಸುತ್ತ ನಾಲ್ಕು. ದೊಡ್ಡ ಮಂಗಟ್ಟೆ: ಹಳದಿ ಕುತ್ತಿಗೆ, ತಲೆ ಮೇಲೆ ಅಗಲವಾದ ಹಳದಿ ಕಿರೀಟ. ಹಾರಿದರೆ ರೆಕ್ಕೆ ಸದ್ದು ತುಂಬಾ ದೂರಕ್ಕೆ ಕೇಳುತ್ತದೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಮಲಬಾರ್ ಕಪ್ಪು-ಬಿಳಿ ಮಂಗಟ್ಟೆ ಅದಕ್ಕಿಂತ ಸಣ್ಣದು, ಹಳದಿ ಕುತ್ತಿಗೆ ಇಲ್ಲ. ದಾಂಡೇಲಿಯಲ್ಲಿ ಗುಂಪು ಗುಂಪಾಗಿ ಕಾಣುವುದು ಇದೇ. ಉಳಿದ ಎರಡೂ ಬೂದು ಬಣ್ಣದವು. ಕೊಕ್ಕಿನ ಮೇಲೆ ಕಿರೀಟವೇ ಇಲ್ಲದಿದ್ದರೆ ಮಲಬಾರ್ ಬೂದು, ಅದು ದಟ್ಟ ಕಾಡಿನದು. ಚೂಪಾದ ಸಣ್ಣ ಕಿರೀಟ ಇದ್ದರೆ ಸಾಮಾನ್ಯ ಬೂದು, ಅದು ಬಯಲಿಗೆ ಹತ್ತಿರದ ಒಣ ಕಾಡಿನದು.

ಕಾಳಿದಂಡೆ
ಹಾಗಾದರೆ ತಂಗಿ ಮನೆ ಹತ್ತಿರ ನಗುವ ದನಿ ಮಲಬಾರ್ ಬೂದು ಮಂಗಟ್ಟೆಯದೇ ಇರಬೇಕು. ಅವಳ ಮಕ್ಕಳು ಅದನ್ನು ಕೋತಿ ಅಂದುಕೊಂಡಿದ್ದಾರೆ.

ಔಷಧಿಪೆಟ್ಟಿಗೆ
ಹಕ್ಕಿ ಮಾತಿನ ನಡುವೆ ಒಂದು ಮುಖ್ಯ ವಿಷಯ. ಮಲೆನಾಡಿನ ಕಾಡಿಗೆ ಡಿಸೆಂಬರಿನಿಂದ ಮೇ ನಡುವೆ ಹೋಗುವವರು ಉಣುಗಿನ ಬಗ್ಗೆ ಜಾಗ್ರತೆಯಿಂದಿರಿ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಉತ್ತರ ಕನ್ನಡದ ಸಿದ್ದಾಪುರದ ಕಡೆಯೂ ಬಂದಿದೆ. ಎಳೆ ಉಣುಗು ಕಣ್ಣಿಗೆ ಕಾಣದಷ್ಟು ಸಣ್ಣದಿರುತ್ತದೆ.

ತುಂಬು ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳುವುದು, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ ಒಗೆಯುವುದು. ದರಗಿನ ಮೇಲೆ ಹಾಗೇ ಕೂರಬೇಡಿ, ದಪ್ಪ ಹಾಳೆ ಹಾಸಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗಿಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಅದನ್ನು ಹೇಳಲೇಬೇಕು.

ಮುಂಜಾವು
ಮಳೆಗಾಲದಲ್ಲಿ ಇಂಬಳ. ಅದರಿಂದ ಕಾಯಿಲೆ ಇಲ್ಲ, ಕಿರಿಕಿರಿ ಅಷ್ಟೇ. ಆದರೆ ಮಳೆಗಾಲ ತಪ್ಪಿಸಬೇಡಿ ಅಂತ ನಾನು ಹೇಳುವೆ. ಬೆಳಗಿನ ಜಾವ ಹಳ್ಳದ ಬದಿ ಸಿಳ್ಳಾರ ಹಕ್ಕಿ ಹಾಕುವ ಸಿಳ್ಳೆ ಕೇಳಬೇಕಾದರೆ ಅದೇ ಸಮಯ.

ಗುಬ್ಬಿಗೂಡು
ಸಿಳ್ಳಾರದ ಹೆಸರು ಬಂತು, ಖುಷಿ ಆಯಿತು. ಮನುಷ್ಯರೇ ಯಾರೋ ಆರಾಮಾಗಿ ಸಿಳ್ಳೆ ಹಾಕುತ್ತಾ ಹೋದ ಹಾಗೆ ಇರುತ್ತದೆ.

ಅಡಿಕೆತೋಟ
ನವರಂಗ ಹಕ್ಕಿ ನೋಡಿದವರು ಯಾರಾದರೂ ಇದ್ದೀರಾ? ನಮ್ಮಲ್ಲಿ ಚಳಿಗಾಲ ಶುರುವಾಗುವಾಗ ಒಂದೆರಡು ಮನೆಯೊಳಗೇ ಬಂದುಬಿಡುತ್ತವೆ.

ಹಕ್ಕಿಕಿವಿ
@ಅಡಿಕೆತೋಟ ರಾತ್ರಿ ಹಾರಿಬಂದು ದಣಿದ ಹಕ್ಕಿಗಳು ಅವು. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತವೆ. ಮನೆಯೊಳಗೆ ಬಂದರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಬಿಡಿ. ಬಾಯಿಗೆ ನೀರು ಹಾಕಬೇಡಿ, ಉಸಿರುಗಟ್ಟುತ್ತದೆ. ಚೇತರಿಸಿಕೊಂಡ ಮೇಲೆ ಪೊದೆ ಹತ್ತಿರ ಬಿಡಿ. ಬೆಳಿಗ್ಗೆ ಸಂಜೆ ನಸುಬೆಳಕಿನಲ್ಲಿ ಎರಡು ಸ್ವರದ ಸಿಳ್ಳೆ ಕೇಳಿದರೆ ತರಗೆಲೆ ಮೇಲೆ ಹುಡುಕಿ, ಅದು ನೆಲದ ಹಕ್ಕಿ.

ಲೆನ್ಸ್‌ಗಣ್ಣು
ಸ್ಪೀಕರ್ ಬೇಡ ಅನ್ನುವವರಿಗೆ ಒಂದು ಪ್ರಶ್ನೆ. ಗಣೇಶಗುಡಿಯಲ್ಲಿ ನೀರಿನ ಬಟ್ಟಲು ಇಟ್ಟು, ಎದುರಿಗೆ ಮರೆ ಕಟ್ಟಿ ಕೂರುತ್ತಾರೆ. ಅದು ಸರಿಯಾ? ಅದೂ ಹಕ್ಕಿಯನ್ನು ಕರೆಯುವುದೇ ತಾನೇ?

ಗೈಡ್ ಜೋಯಿಡಾ
@ಲೆನ್ಸ್‌ಗಣ್ಣು ಒಳ್ಳೆಯ ಪ್ರಶ್ನೆ. ನನ್ನ ಮಟ್ಟಿಗೆ ನೀರು ಬೇರೆ, ತಿಂಡಿ ಬೇರೆ, ಸ್ಪೀಕರ್ ಬೇರೆ. ನೀರಿಗೆ ಹಕ್ಕಿ ತನಗೆ ಬೇಕಾದಾಗ ಬರುತ್ತದೆ, ಬೇಡವಾದರೆ ಬರುವುದಿಲ್ಲ. ಜಗಳವೂ ಇಲ್ಲ, ಗಾಬರಿಯೂ ಇಲ್ಲ. ಮರೆಯಲ್ಲಿ ಕುಳಿತ ಮನುಷ್ಯ ಅದಕ್ಕೆ ಕಾಣುವುದೂ ಇಲ್ಲ. ಬಟ್ಟಲನ್ನು ದಿನಾ ತೊಳೆಯಬೇಕು, ಇಲ್ಲದಿದ್ದರೆ ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ಬೆಕ್ಕು ಅಡಗುವಂಥ ಪೊದೆ ಪಕ್ಕದಲ್ಲಿ ಇರಬಾರದು.

ಹುಳ ಹಾಕಿ ಹಕ್ಕಿಯನ್ನು ಕೊಂಬೆಗೆ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಅಭ್ಯಾಸವಾದ ಹಕ್ಕಿ ಮನುಷ್ಯನ ಭಯ ಬಿಡುತ್ತದೆ. ಎಲ್ಲ ಮನುಷ್ಯರೂ ಕ್ಯಾಮೆರಾ ಹಿಡಿದೇ ಬರುವುದಿಲ್ಲ.

ಲೆನ್ಸ್‌ಗಣ್ಣು
@ಗೈಡ್ ಜೋಯಿಡಾ ನೀರಿನ ಮಾತು ಒಪ್ಪಿದೆ. ಕಪ್ಪೆಬಾಯಿ ಹಕ್ಕಿ ವಿಷಯದಲ್ಲಂತೂ ನಾನೇ ಜಗಳ ಆಡಿದ್ದೇನೆ. ಹಗಲು ಒಂದೇ ಕೊಂಬೆಯಲ್ಲಿ ಜೋಡಿಯಾಗಿ ನಿದ್ದೆ ಮಾಡುವ ಹಕ್ಕಿ. ಸುತ್ತಲಿನ ಎಲೆ ಮುರಿದು, ಮುಖಕ್ಕೆ ಟಾರ್ಚ್ ಬಿಟ್ಟು ಫೋಟೋ ತೆಗೆಯುವವರಿದ್ದಾರೆ. ಅಂಥವರನ್ನು ಕ್ಯಾಮೆರಾದವರೇ ಮೊದಲು ತಡೆಯಬೇಕು.

ಹಕ್ಕಿಕಿವಿ
ಈ ಮಾತಿಗೆ ನನ್ನ ಪೂರ್ತಿ ಬೆಂಬಲ.

ಸ್ಪೀಕರ್ ಇಲ್ಲದೆ ಸಿಗುವುದೇ ಇಲ್ಲ ಅಂತ ಜನ ಹೇಳುವ ಹಕ್ಕಿಗಳಲ್ಲಿ ಟ್ರೋಗನ್ ಒಂದು. ಗಂಡಿಗೆ ಕಪ್ಪು ತಲೆ, ಕೆಂಪು ಹೊಟ್ಟೆ, ನಡುವೆ ಬಿಳಿ ಪಟ್ಟಿ. ಇಷ್ಟು ಬಣ್ಣ ಇದ್ದರೂ ಕಾಣುವುದಿಲ್ಲ, ಏಕೆಂದರೆ ಅಳುಕಾದಾಗ ಕೆಂಪು ಹೊಟ್ಟೆಯನ್ನು ಆ ಕಡೆ ತಿರುಗಿಸಿ, ಕಂದು ಬೆನ್ನನ್ನು ನಮ್ಮ ಕಡೆ ಮಾಡಿ ಅಲ್ಲಾಡದೆ ಕೂರುತ್ತದೆ. ನಡೆಯುತ್ತಿದ್ದರೆ ನೂರು ಸಲ ಅದರ ಪಕ್ಕದಲ್ಲೇ ದಾಟಿಹೋಗುತ್ತೇವೆ. ಕೂತರೆ ಮಾತ್ರ, ಅದು ಹುಳ ಹಿಡಿಯಲು ಒಮ್ಮೆ ಹಾರಿದಾಗ ಸಿಗುತ್ತದೆ. ಕಣ್ಣನ್ನು ಮರದ ತುದಿಯಲ್ಲಿ ಇಡಬೇಡಿ, ನಡುವಿನ ಕೊಂಬೆಗಳಲ್ಲಿ ಇಡಿ.

ಕಾಳಿದಂಡೆ
ಇಷ್ಟೆಲ್ಲ ಸಿಗುತ್ತದೆ ಅಂದುಕೊಂಡಿರಲಿಲ್ಲ. 8x42 ಅಂತ ತೀರ್ಮಾನ ಮಾಡಿದೆ. ಮುಂದಿನ ಸಲ ಸ್ಪೀಕರ್ ತರುವವರ ಜೊತೆ ಹೋಗುವುದಿಲ್ಲ, ಹೋಗಬೇಕಾಗಿ ಬಂದರೆ ಹಾಕಬೇಡಿ ಅಂತ ಬಾಯಿಬಿಟ್ಟು ಹೇಳುತ್ತೇನೆ. ಕೊನೆಯದಾಗಿ ಒಂದು: ನವೆಂಬರಿನಲ್ಲಿ ಹೋಗುತ್ತೇನೆ. ಕಪ್ಪು-ಬಿಳಿ ಮಂಗಟ್ಟೆಯ ಗುಂಪು ನೋಡಲು ಆಗ ಸಿಗುತ್ತದಾ? ಬೆಳಿಗ್ಗೆಯಾ, ಸಂಜೆಯಾ?

ಗೈಡ್ ಜೋಯಿಡಾ
@ಕಾಳಿದಂಡೆ ನವೆಂಬರ್ ಒಳ್ಳೆಯದು ಅಕ್ಕ. ಗೂಡಿನ ಕಾಲ ಅಲ್ಲದಿರುವುದರಿಂದ ಒಟ್ಟಿಗೆ ಇರುತ್ತವೆ, ರಾತ್ರಿ ತಂಗುವುದೂ ಗುಂಪಾಗಿಯೇ. ಸಂಜೆ ಐದರ ಹೊತ್ತಿಗೆ ಆಕಾಶ ಕಾಣುವಂಥ ತೆರೆದ ಜಾಗದಲ್ಲಿ, ನದಿ ಕಡೆ ಮುಖ ಮಾಡಿ ನಿಲ್ಲಿ. ತಂಗುವ ಮರದ ಅಡಿಗೆ ಹೋಗಬೇಡಿ. ಬೆಳಿಗ್ಗೆ ಹಣ್ಣು ಬಿಟ್ಟ ಗೋಳಿ ಯಾವ ಕಡೆ ಇದೆ ಅಂತ ನಿಮ್ಮ ತಂಗಿ ಮನೆಯವರನ್ನೇ ಕೇಳಿ, ದನ ಮೇಯಿಸುವವರಿಗೆ ಗೊತ್ತಿರುತ್ತದೆ. ಕಾಸರಕದ ಮರವನ್ನೂ ನೋಡುತ್ತಿರಿ. ನಮಗೆ ವಿಷ, ಮಂಗಟ್ಟೆ ಅದರ ಹಣ್ಣನ್ನೂ ತಿನ್ನುತ್ತದೆ.

ಶಾಲೆಮೇಷ್ಟ್ರು
ತಂಗಿಯ ಮಕ್ಕಳನ್ನೂ ಕರೆದುಕೊಂಡು ಹೋಗಿ ಮೇಡಂ. ಕೋತಿ ಅಂದುಕೊಂಡಿರುವ ದನಿ ಯಾರದು ಅಂತ ಅವರೇ ಹುಡುಕಲಿ.